ಮುನ್ಸಿಪಾಲ್ಟಿ ಲೋಟ

ಪ್ರಸನ್ನಕುಮಾರರ ಗೇಟಿನ ಮುಂದೆ ಹೆಗ್ಗಣ ಸತ್ತು ಬಿದ್ದಿತ್ತು. ಹೊಟ್ಟೆ ಒಡೆದಿತ್ತು. ಹುಳ ಮಿಜಿಗುಡುತ್ತಿದ್ದವು. ಅದು ಸತ್ತಿದ್ದು ಕಾಂಪೌಂಡಿನ ಒಳಗೆ. ಯಾರೋ ಕೋಲಿನಿಂದ ಹೊರಗೆ ತಳ್ಳಿದ್ದರು. ಟೈಲ್ಸಿನ ಮೇಲೆ ಅದರ ರಸದ ಗೆರೆ ಗೇಟಿನವರೆಗೂ ಎಳೆದುಕೊಂಡು ಬಂದಿತ್ತು. ದುರ್ಗಿಗುಡಿಯ ಆ ಬೀದಿಯ ಕಾನೂನೇ ಅದು. ಗೇಟಿನ ಒಳಗಿರುವತನಕ ಹೆಗ್ಗಣ ಮನೆಯದು. ಗೇಟು ದಾಟಿತೋ, ಮುನ್ಸಿಪಾಲ್ಟಿಯದು.

ಸರಸ್ವತಿ ಬಲಗೈಗೆ ಒಂದು ಪ್ಲಾಸ್ಟಿಕ್ ಕವರು ತೊಟ್ಟುಕೊಂಡಳು. ಗ್ಲೌಸು ಹರಿದುಹೋಗಿ ಬಹಳ ದಿನವಾಗಿತ್ತು. ಕವರಿನೊಳಗಿಂದಲೇ ಹೆಗ್ಗಣದ ಬಾಲ ಹಿಡಿದು ಎತ್ತಿದಳು. ಬೆರಳಿಗೆ ಮೆತ್ತಗೆ ತಾಗಿತು. ಎಷ್ಟು ವರ್ಷವಾದರೂ ಆ ಮೆತ್ತಗೆ ಅನ್ನೋದು ಅಭ್ಯಾಸವಾಗಿರಲಿಲ್ಲ. ಕವರನ್ನು ಒಳಹೊರಗು ಮಾಡಿ, ಗಂಟು ಕಟ್ಟಿ, ಹಿಂದೆ ನಿಂತಿದ್ದ ಕಸದ ಆಟೋ ಟಿಪ್ಪರಿಗೆ ಎಸೆದಳು. ಟಿಪ್ಪರಿನ ಡ್ರೈವರ್ ಹಯಾತ್ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಮುಖ ಆ ಕಡೆ ತಿರುಗಿಸಿದ್ದ.

ಒಳಗಿನಿಂದ ಸೌಂದರ್ಯಮ್ಮನ ದನಿ ಬಂತು. ಪ್ರಸನ್ನಕುಮಾರರ ಹೆಂಡತಿ. "ಶೀತಲ್, ಮುನ್ಸಿಪಾಲ್ಟಿ ಬಂತು. ಬಕೆಟ್ ಹೊರಗಿಡು."

ಬಂದಳು ಅಂತಲ್ಲ. ಬಂತು. ನಾಯಿ ಬಂತು, ಮಳೆ ಬಂತು, ಮುನ್ಸಿಪಾಲ್ಟಿ ಬಂತು.

ಬಕೆಟ್ಟು ಹೊರಗೆ ಬಂದಾಗ ಸರಸ್ವತಿ ಪ್ರತಿ ಗೇಟಿನಲ್ಲೂ ಕೇಳುವ ಪ್ರಶ್ನೆಯನ್ನೇ ಕೇಳಿದಳು. "ಹಸಿನಾ, ಒಣನಾ ಅಮ್ಮ?" ಹಾಗೆ ಕೇಳಲೇಬೇಕು. ಹಸಿ ಕಸ ಹಸಿರು ಬಕೆಟ್ಟಿಗೆ, ಒಣ ಕಸ ನೀಲಿ ಬಕೆಟ್ಟಿಗೆ. ಬೆರೆಸಿದ್ದನ್ನು ಹಾಗೇ ತೆಗೆದುಕೊಂಡು ಹೋದರೆ ಬೈಸಿಕೊಳ್ಳುವವಳು ಅವಳು. ಸೌಂದರ್ಯಮ್ಮ ಎಂದೂ ಬೇರೆ ಮಾಡಿದವಳಲ್ಲ. ಎರಡೂ ಇದೆ, ನೀನೇ ನೋಡ್ಕೋ ಎಂದು ಒಳಗೆ ಹೋಗುವಳು. ಸರಸ್ವತಿ ಅಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡಿಕೊಳ್ಳುವಳು. ಹಳಸಿದ ಅನ್ನ, ಅದರೊಳಗೆ ಮುಟ್ಟಿನ ಬಟ್ಟೆ, ಅದರ ಮೇಲೆ ಹಾಲಿನ ಕವರು, ತಲೆಗೂದಲಿನ ಉಂಡೆ, ದೇವರ ಬಾಡಿದ ಹೂವು. ಎಲ್ಲವನ್ನೂ ಕೈಹಾಕಿ ಬಿಡಿಸಬೇಕು. ಮನೆಯೊಳಗೆ ಎಷ್ಟು ಮಡಿ ಎನ್ನುವುದು ಆ ಮನೆಯ ಬಕೆಟ್ಟು ಬಿಡಿಸುವವಳಿಗೆ ಗೊತ್ತಿರುತ್ತದೆ.

ಬಿಡಿಸಿ ಮುಗಿಸುವಷ್ಟರಲ್ಲಿ ಗಂಟಲು ಒಣಗುತ್ತಿತ್ತು. ನೀರು ಕೇಳಿದರೆ ಸೌಂದರ್ಯಮ್ಮ ಇಲ್ಲ ಎನ್ನುತ್ತಿರಲಿಲ್ಲ. ನೀರಿಗೆ ಇಲ್ಲವೆಂದರೆ ಪಾಪ. ಗೇಟಿನ ಕಂಬದ ಮೇಲೆ ಒಂದು ಸ್ಟೀಲು ಲೋಟ ಬೋರಲಾಗಿ ಇರುತ್ತಿತ್ತು. ಅಂಚು ನೆಗ್ಗಿದ ಲೋಟ. ಮನೆಯ ಪಾತ್ರೆಯ ಜೊತೆ ಎಂದಾದರೂ ಬೆರೆತುಹೋದರೆ ಎಂದು ತಳಕ್ಕೆ ನೇಲ್ ಪಾಲಿಷಿನ ಕೆಂಪು ಬೊಟ್ಟು ಇಟ್ಟಿದ್ದರು. ಸರಸ್ವತಿ ಅದನ್ನು ಹಿಡಿಯಬೇಕು. ಸೌಂದರ್ಯಮ್ಮ ಜಗ್ಗನ್ನು ಎತ್ತರಕ್ಕೆ ಹಿಡಿದು ಸುರಿಯಬೇಕು. ಕುಡಿದಾದ ಮೇಲೆ ಗಿಡದ ನಲ್ಲಿಯಲ್ಲಿ ತೊಳೆದು ಮತ್ತೆ ಕಂಬದ ಮೇಲೆ ಬೋರಲಾಗಿಸಬೇಕು. ಮನೆಮಂದಿಯೆಲ್ಲ ಅದನ್ನು ಮುನ್ಸಿಪಾಲ್ಟಿ ಲೋಟ ಎನ್ನುತ್ತಿದ್ದರು. ಆ ಬೀದಿಯಲ್ಲಿ ಅಂಥ ಲೋಟ ಇನ್ನೂ ಕೆಲವು ಮನೆಗಳ ಮುಂದಿದ್ದವು.

ಊರಿನ ಬೋರ್ಡು ಎಷ್ಟೋ ಸಲ ಬದಲಾಗಿತ್ತು. ನಗರಸಭೆ ಹೋಗಿ ಮಹಾನಗರ ಪಾಲಿಕೆ ಬಂದಿತ್ತು. ಜನರ ನಾಲಿಗೆ ಮಾತ್ರ ಬದಲಾಗಲಿಲ್ಲ. ಅದಕ್ಕೊಂದು ಕಾರಣವಿದೆ. ಹಿಂದಿನವರು ಜಾತಿಯ ಹೆಸರು ಹಿಡಿದು ಕರೆಯುತ್ತಿದ್ದರು. ಈಗ ಹಾಗೆ ಕರೆದರೆ ಕೇಸಾಗುತ್ತದೆ. ಮುನ್ಸಿಪಾಲ್ಟಿ ಎಂದರೆ ಯಾವ ಕೇಸೂ ಇಲ್ಲ. ಅದು ಇಂಗ್ಲಿಷು, ಆಫೀಸಿನ ಮಾತು, ಮರ್ಯಾದಸ್ಥರು ಆಡುವ ಮಾತು. ಆದರೆ ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂದು ಎಲ್ಲರಿಗೂ ಗೊತ್ತು. ನೀರಿನ ಬಿಲ್ಲು ಕೊಡಲು ಬರುವ ಪುನೀತನೂ ಅದೇ ಪಾಲಿಕೆಯವನೇ. ಅವನು ಬಂದರೆ ಪುನೀತಪ್ಪ ಬಂದ, ಒಳಗೆ ಬಾರಪ್ಪ, ಕಾಫಿ ಕುಡಿ. ಅವನಿಗೆ ಮನೆಯ ಲೋಟ. ಅವನ ಹಿಂದೆ ಆ ಮಾತನ್ನು ಯಾರೂ ಅಂಟಿಸಲಿಲ್ಲ. ಹಯಾತ್ ಅಂತೂ ಯಾವ ಮನೆಯಲ್ಲೂ ನೀರು ಕೇಳಿದವನಲ್ಲ. ಸೀಟಿನ ಕೆಳಗೆ ತನ್ನದೇ ಬಾಟಲಿ ಇಟ್ಟುಕೊಂಡಿದ್ದ. "ನಾನೂ ಮುನ್ಸಿಪಾಲ್ಟೀನೇ ಸರಸ್ವತಕ್ಕ," ಅನ್ನುತ್ತಿದ್ದ. "ಆದ್ರೆ ನಂಗೆ ಇವ್ರ ಹತ್ರ ಬೇರೆ ಹೆಸರಿದೆ. ನಿಮಗೆ ಲೋಟ ಆದ್ರೂ ಇಟ್ಟಿದಾರೆ."

ಇದೆಲ್ಲ ಸರಸ್ವತಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಕುಡಿಯುತ್ತಿದ್ದಳು. ಬಾಯಾರಿಕೆಗೆ ನಾಚಿಕೆಯಿಲ್ಲ. ಮನೆಯಲ್ಲಿ ಮಾತ್ರ ಆ ಲೋಟದ ಸುದ್ದಿ ಎತ್ತಿದವಳಲ್ಲ. ಮಗಳು ಮೀರಾಳಿಗಂತೂ ಸುಳಿವೇ ಕೊಟ್ಟಿರಲಿಲ್ಲ. ಮೀರಾ ದುರ್ಗಿಗುಡಿಯ ಹತ್ತಿರದ ಒಂದು ಇಂಗ್ಲಿಷ್ ಶಾಲೆಯಲ್ಲಿ ಎಂಟನೇ ಕ್ಲಾಸು. ಆರ್‌ಟಿಇ ಸೀಟು. ಪ್ರಸನ್ನಕುಮಾರರ ಮಗಳು ಶೀತಲ್ ಅದೇ ಕ್ಲಾಸಿನಲ್ಲಿದ್ದಳು. ಮೀರಾಳ ತಾಯಿ ಏನು ಕೆಲಸ ಮಾಡುತ್ತಾಳೆ ಎಂದು ಕ್ಲಾಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದಂತೆ ಇಬ್ಬರೂ ನೋಡಿಕೊಂಡಿದ್ದರು.

ಲೋಟದ ಸುದ್ದಿ ಇಂಗ್ಲಿಷ್ ಪಾಠದಲ್ಲಿ ಹೊರಬಿತ್ತು. ಮೇಷ್ಟ್ರು ಜ್ಞಾನೇಶ್ ಬೋರ್ಡಿನ ಮೇಲೆ ಮುನ್ಸಿಪಲ್ ಎಂದು ಬರೆದು, ಇದು ಗುಣವಾಚಕ, ಊರಿನ ಆಡಳಿತಕ್ಕೆ ಸೇರಿದ್ದು ಅಂತ ಅರ್ಥ, ಯಾವುದಾದರೂ ವಸ್ತುವಿನ ಹೆಸರಿಗಿಂತ ಮೊದಲು ಇಟ್ಟು ಒಂದೊಂದು ವಾಕ್ಯ ಮಾಡಿ ಎಂದರು. ಒಬ್ಬ ಮುನ್ಸಿಪಲ್ ಆಫೀಸ್ ಎಂದ. ಇನ್ನೊಬ್ಬಳು ಮುನ್ಸಿಪಲ್ ಪಾರ್ಕ್ ಎಂದಳು. ಶೀತಲ್ ಎದ್ದು ನಿಂತು, ನಮ್ಮನೇಲಿ ಒಂದು ಮುನ್ಸಿಪಲ್ ಗ್ಲಾಸ್ ಇದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಹಾಗಂದರೇನು ಎಂದು ಮೇಷ್ಟ್ರು ಕೇಳಿದರು. ಕಸದೋಳಿಗೆ ನೀರು ಕೊಡೋ ಲೋಟ ಸಾರ್, ಅದನ್ನ ನಾವು ಯಾರೂ ಮುಟ್ಟಲ್ಲ ಎಂದಳು ಶೀತಲ್. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕರು. ಗ್ರಾಮರ್ ಕರೆಕ್ಟಾಗಿದೆ ಎಂದು ಆ ವಾಕ್ಯವನ್ನು ಬೋರ್ಡಿನ ಮೇಲೆ ಬರೆದರು. ಎಲ್ಲರೂ ನೋಡಿ ಬರೆದುಕೊಂಡರು. ಮೀರಾಳೂ ಬರೆದುಕೊಂಡಳು.

ಸಂಜೆ ಅವಳು ಬ್ಯಾಗು ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. "ಅಮ್ಮ, ಶೀತಲ್ ಮನೇಲಿ ನಿಂಗೆ ನೀರು ಕೊಡೋ ಲೋಟ ಒಳಗಿಂದ ತರ್ತಾರಾ, ಹೊರಗಡೆ ಇಟ್ಟಿರ್ತಾರಾ?"

ಸರಸ್ವತಿ ಮುದ್ದೆ ತಿರುವುತ್ತಿದ್ದಳು. ತಿರುವುತ್ತಲೇ ಇದ್ದಳು. ಮೀರಾಳಿಗೆ ಅಷ್ಟು ಸಾಕಾಯಿತು. ಕ್ಲಾಸಿನಲ್ಲಿ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಡಿಕ್ಷನರಿಯಲ್ಲಿ ತಾನೇ ಹುಡುಕಿ ನೋಡಿದೆ, ಊರಿಗೆ ಸೇರಿದ್ದು ಅಂತಲೇ ಇದೆ, ಲೋಟದ ಸುದ್ದಿ ಎಲ್ಲೂ ಇಲ್ಲ ಎಂದಳು.

"ಡಿಕ್ಷನರಿ ಬರೆದೋನು ದುರ್ಗಿಗುಡೀಲಿ ಕಸ ಗುಡಿಸಿಲ್ಲ," ಎಂದಳು ಸರಸ್ವತಿ.

ಮರುದಿನ ಮೀರಾ ಯೂನಿಫಾರಂ ಹಾಕಲಿಲ್ಲ. ಅದರ ಮರುದಿನವೂ ಹಾಕಲಿಲ್ಲ. ಅಪ್ಪ ಬೈದ. ಅವನು ಅಡಿಕೆ ಮಂಡಿಯಲ್ಲಿ ಮೂಟೆ ಹೊರುವವನು, ಮಗಳನ್ನು ಕೂಲಿಗೆ ಕಳಿಸಲಾರೆ ಎಂದು ಕೂಗಾಡಿದ. ಮೀರಾ ಗೋಡೆ ಕಡೆ ತಿರುಗಿ ಮಲಗಿದಳು. ಸರಸ್ವತಿಗೆ ಒಂದೇ ಯೋಚನೆ. ಇಷ್ಟು ವರ್ಷ ಕಂಡವರ ಮನೆಯ ಹೇಸಿಗೆ ಬಾಚಿದ್ದೇ ಈ ಹುಡುಗಿಯ ಕೈ ಅದಕ್ಕೆ ತಾಗದಿರಲಿ ಎಂದು. ಆ ಓದು ಒಂದು ಲೋಟದಿಂದ ನಿಂತುಹೋಗುವುದಾದರೆ ಇನ್ನು ಬಾಚಿ ಏನು ಫಲ. ರಜೆ ಹಾಕಿ ಮಗಳನ್ನು ಭದ್ರಾವತಿಗೆ ಕರೆದುಕೊಂಡು ಹೋದಳು, ತನ್ನ ತಾಯಿ ಬುದ್ಧಿ ಹೇಳಲಿ ಎಂದು.

ತಾಯಿ ಕಲ್ಲಮ್ಮ ಮುಚ್ಚಿದ ಕಾರ್ಖಾನೆಯ ಗೋಡೆಯ ಹಿಂದಿನ ಕೇರಿಯಲ್ಲಿದ್ದಳು. ಭದ್ರಾವತಿಯ ಬೀದಿಗಳನ್ನು ಗುಡಿಸಿ ಬೆನ್ನು ಬಾಗಿಸಿಕೊಂಡವಳು. ಅಕ್ಕಪಕ್ಕದವರ ಜೊತೆ ತಮಿಳು, ಎದುರುಮನೆಯವರ ಜೊತೆ ತೆಲುಗು, ಬೈಯುವುದು ಮಾತ್ರ ಕನ್ನಡದಲ್ಲಿ. ಮೊಮ್ಮಗಳ ಕಥೆ ಕೇಳಿ ಬೊಚ್ಚುಬಾಯಿ ತೆರೆದು ನಕ್ಕಳು.

"ನಂಗೆ ಹೋಟ್ಲಲ್ಲಿ ಕರಟದಲ್ಲಿ ಚಾ ಹಾಕೋರು ಕಣೇ. ಹಿಂದ್ಗಡೆ ಬೇಲಿಗೆ ಸಿಗ್ಸಿರೋರು ಕರಟಾನ. ಇರುವೆ ಊದಿ ಕುಡೀಬೇಕಿತ್ತು. ನಿಮ್ಮಮ್ಮಂಗೆ ಸ್ಟೀಲು ಬಂತು. ನಿಂಗೆ ಗಾಜಿಂದು ಬರುತ್ತೆ ಬಿಡು. ಓದು ಹೋಗು."

ಸಮಾಧಾನಕ್ಕೆಂದು ಹೇಳಿದ ಮಾತು ಅದು. ಮೀರಾ ಎದ್ದು ಹೊರಗೆ ಹೋಗಿ ಮೋರಿಯ ಪಕ್ಕ ವಾಂತಿ ಮಾಡಿಕೊಂಡಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದಳು. "ನಾನು ಸ್ಕೂಲಿಗೆ ಹೋಗ್ತೀನಿ. ಆದ್ರೆ ನೀನು ಆ ಲೋಟ ಮುಟ್ಟಬಾರ್ದು. ಇನ್ನೊಂದ್ಸಲ ಮುಟ್ಟಿದ್ದು ಗೊತ್ತಾದ್ರೆ ಅವತ್ತೇ ಬಿಡ್ತೀನಿ, ನಿನ್ ಜೊತೆ ಪೊರಕೆ ಹಿಡೀತೀನಿ."

ಸರಸ್ವತಿ ಮಗಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಮಾರನೆಯ ದಿನದಿಂದ ಒಂದು ಬಾಟಲಿಗೆ ನೀರು ತುಂಬಿ ಹಯಾತನ ಸೀಟಿನ ಕೆಳಗೆ ಅವನ ಬಾಟಲಿಯ ಪಕ್ಕ ಇಡತೊಡಗಿದಳು. ಸೌಂದರ್ಯಮ್ಮ ಒಂದೆರಡು ದಿನ ನೋಡಿ, ನೀರು ಬೇಡ್ವಾ ಎಂದು ಕೇಳಿದಳು. ಬಾಟ್ಲಿ ತಂದಿದೀನಿ ಅಮ್ಮ ಎಂದಳು ಸರಸ್ವತಿ. ಈಗಿನವರಿಗೆ ಎಲ್ಲ ಅನುಕೂಲ ಆಗಿಬಿಟ್ಟಿದೆ ಎಂದು ಸೌಂದರ್ಯಮ್ಮ ಒಳಗೆ ಹೋದಳು. ಲೋಟ ಕಂಬದ ಮೇಲೆ ಬೋರಲಾಗಿ ಹಾಗೇ ಇತ್ತು.

ಪೌರಕಾರ್ಮಿಕರ ದಿನ ಬಂತು. ಅದರ ಮುಂದಿನ ಭಾನುವಾರ ಬಡಾವಣೆಯ ನಿವಾಸಿಗಳ ಸಂಘದವರು ತಾವೂ ಒಂದು ಕಾರ್ಯಕ್ರಮ ಮಾಡುವುದೆಂದು ತೀರ್ಮಾನಿಸಿದರು. ಸಂಘದ ಅಧ್ಯಕ್ಷರು ಪ್ರಸನ್ನಕುಮಾರರೇ. ಸರಸ್ವತಿಗೆ ಪಾದಪೂಜೆ, ಸನ್ಮಾನ, ಆಮೇಲೆ ಊಟ. ಗುಡಿಸುವವರ ಮೇಸ್ತ್ರಿ ಜಯಪ್ಪ ಬಂದು, ತಪ್ಪಿಸಬೇಡ ಮಾರಾಯ್ತಿ, ದೊಡ್ಡೋರೆಲ್ಲ ಬರ್ತಾರೆ, ಒಳ್ಳೆ ಸೀರೆ ಉಟ್ಕೊಂಡು ಬಾ ಎಂದ. ಜಯಪ್ಪನೂ ಸರಸ್ವತಿಯ ಕೇರಿಯಿಂದಲೇ ಬಂದವನು. ಪೊರಕೆ ಬಿಟ್ಟು ಸೀಟಿ ಹಿಡಿದ ಮೇಲೆ ಕೇರಿಯ ಕಡೆ ತಲೆಹಾಕಿದವನಲ್ಲ.

ಒಳ್ಳೆ ಸೀರೆ ಉಡುವುದಕ್ಕೆ ಮುಂಚೆ ಇನ್ನೊಂದು ಕೆಲಸವಿತ್ತು. ಪ್ರಸನ್ನಕುಮಾರರ ಮನೆಯ ಎದುರಿನ ಖಾಲಿ ಸೈಟಿನಲ್ಲಿ ಶಾಮಿಯಾನ ಹಾಕಿದ್ದರು. ಅಲ್ಲಿ ನಾಯಿಗಳ ಹೇಲು, ಒಡೆದ ಬಾಟಲಿ, ಯಾರೋ ಎಸೆದ ಕೋಳಿ ಪುಕ್ಕ. ಅದನ್ನೆಲ್ಲ ಗುಡಿಸಲು ಜಯಪ್ಪ ಬೆಳಿಗ್ಗೆಯೇ ಸರಸ್ವತಿಯನ್ನು ಕರೆಸಿದ. ತನ್ನ ಸನ್ಮಾನದ ಜಾಗವನ್ನು ಅವಳೇ ಬಳಿದಳು. ಹೇಲು ಬಳಿದು, ಮಣ್ಣು ಹಾಕಿ, ಬ್ಲೀಚಿಂಗ್ ಪೌಡರು ಎರಚಿ, ಅದೇ ಕೈಯಲ್ಲಿ ಸ್ಟೇಜಿನ ಮುಂದೆ ರಂಗೋಲಿ ಹಾಕುವವರಿಗೆ ನೀರು ಚಿಮುಕಿಸಿ ಕೊಟ್ಟಳು. ಆಮೇಲೆ ಶಾಮಿಯಾನದ ಹಿಂದೆ ಹೋಗಿ ಸೀರೆ ಬದಲಾಯಿಸಿದಳು. ವಾಸನೆ ಬರುತ್ತದೆ ಎಂದು ಹಯಾತನ ಟಿಪ್ಪರನ್ನು ಬಸ್ ಸ್ಟ್ಯಾಂಡ್ ಕಡೆಗೆ ದೂರ ಕಳಿಸಿದ್ದರು. ಅವಳ ನೀರಿನ ಬಾಟಲಿ ಅದರ ಜೊತೆ ಹೋಗಿತ್ತು.

ಪ್ರಾರ್ಥನೆಗೆ ಶಾಲೆಯ ಹುಡುಗಿಯರನ್ನು ಕರೆಸಿದ್ದರು. ಸಾಲಿನಲ್ಲಿ ಶೀತಲ್ ಇದ್ದಳು. ಹಿಂದಿನ ಸಾಲಿನ ತುದಿಯಲ್ಲಿ ಮೀರಾ ಇದ್ದಳು. ತಾಯಿಯನ್ನು ಸ್ಟೇಜಿನ ಮೇಲೆ ನೋಡಿದಾಗ ಅವಳು ಹಾಡು ನಿಲ್ಲಿಸಿದಳು. ಮತ್ತೆ ಹಾಡಿದಳು.

ಮೈಕು ಹಿಡಿದ ಪ್ರಸನ್ನಕುಮಾರರಿಗೆ ಅವತ್ತು ಮುನ್ಸಿಪಾಲ್ಟಿ ಎಂಬ ಮಾತು ಬಾಯಿಗೆ ಬರಲಿಲ್ಲ. ಪೌರ ಬಂಧು ಎಂದರು. ನಗರದ ತಾಯಿ ಎಂದರು. ಶರಣರು ಕಾಯಕದ ಬಗ್ಗೆ ಏನು ಹೇಳಿದ್ದಾರೆ ಎಂದು ಬಹಳ ಹೊತ್ತು ಹೇಳಿದರು. ಬಿಸಿಲಿಗೆ ಶಾಮಿಯಾನದ ಬಟ್ಟೆ ಕಾದಿತ್ತು. ಬ್ಲೀಚಿಂಗ್ ಪೌಡರಿನ ಘಾಟು ಸರಸ್ವತಿಯ ಗಂಟಲಲ್ಲೇ ಕೂತಿತ್ತು.

ಪಾದಪೂಜೆ ಶುರುವಾಯಿತು. ತಾಮ್ರದ ತಟ್ಟೆಯಲ್ಲಿ ಅವಳ ಕಾಲಿಡಿಸಿದರು. ಬಿರುಕು ಬಿಟ್ಟ ಹಿಮ್ಮಡಿ, ಮೋರಿಯ ನೀರಿಗೆ ಕೊಳೆತು ಬಿದ್ದ ಉಗುರು. ಸೌಂದರ್ಯಮ್ಮ ತನ್ನ ತವರಿನಿಂದ ಬಂದ ಬೆಳ್ಳಿ ಚೊಂಬನ್ನು ದೇವರ ಮನೆಯಿಂದ ತಂದಿದ್ದಳು. ಅದರಲ್ಲಿ ನೀರು, ನೀರಿನಲ್ಲಿ ಎರಡು ಎಸಳು ಸೇವಂತಿಗೆ. ಪ್ರಸನ್ನಕುಮಾರ್ ಚೊಂಬನ್ನು ಎತ್ತರಕ್ಕೆ ಹಿಡಿದು ಸುರಿದರು. ಲೋಟಕ್ಕೆ ಸುರಿಯುವಷ್ಟೇ ಎತ್ತರಕ್ಕೆ. ಫೋಟೋದವನು, ಸಾರ್, ಪಾದ ಮುಟ್ಟಿ, ಮುಟ್ಟಿದ್ದು ಬೇಕು ಎಂದ. ಅವರು ಎರಡು ಬೆರಳು ತಾಗಿಸಿದರು. ಫೋಟೋ ಆಯಿತು. ಕೂಡಲೇ ಯಾರೋ ಸಣ್ಣ ಬಾಟಲಿಯಿಂದ ಅವರ ಕೈಗೆ ಸ್ಯಾನಿಟೈಸರ್ ಒತ್ತಿದರು. ಅವರು ಕೈ ತಿಕ್ಕಿಕೊಳ್ಳುತ್ತಲೇ ಜನರಿಗೆ ಕೈಮುಗಿದರು. ಸರಸ್ವತಿಗೆ ಹೇಸಿಗೆಯಾಯಿತು. ಹೆಗ್ಗಣ ಎತ್ತುವಾಗ ಆಗುವ ಹೇಸಿಗೆಯಲ್ಲ ಅದು. ಹೆಗ್ಗಣಕ್ಕೆ ಪಾಪ ಸತ್ತಿದ್ದು ಬಿಟ್ಟರೆ ಬೇರೇನೂ ಗೊತ್ತಿರುವುದಿಲ್ಲ.

ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಎರಡು ಮಾತಾಡು ಎಂದು ಮೈಕನ್ನು ಅವಳ ಬಾಯಿಗೆ ಹಿಡಿದರು. ಮಾತು ಬರುವ ಬದಲು ಕೆಮ್ಮು ಬಂತು. ಮೈಕಿನಲ್ಲಿ ಕೆಮ್ಮು ಬೀದಿಯೆಲ್ಲ ಕೇಳಿಸಿತು. ಕಣ್ಣಲ್ಲಿ ನೀರು ಬಂತು. ನೀರು ಬೇಕು ಎಂದು ಕೈಸನ್ನೆ ಮಾಡಿದಳು. ಗಣ್ಯರ ಮುಂದೆ ಒಂದೊಂದು ಸಣ್ಣ ನೀರಿನ ಬಾಟಲಿ ಇತ್ತು. ಎಲ್ಲವನ್ನೂ ಆಗಲೇ ಬಿಚ್ಚಿ ಕುಡಿದಿದ್ದರು. ಪೂಜೆ ಮಾಡಿಸಿಕೊಳ್ಳುವವಳಿಗೂ ಒಂದು ಬೇಕಾದೀತು ಎಂದು ಯಾರಿಗೂ ಹೊಳೆದಿರಲಿಲ್ಲ.

ಸೌಂದರ್ಯಮ್ಮ ತಾನೇ ಎದುರಿನ ಮನೆಗೆ ಓಡಿದಳು. ಕೆಟ್ಟ ಮನಸ್ಸಿನಿಂದಲ್ಲ, ಪಾಪ. ನಿಜವಾಗಿ ಗಾಬರಿಯಾಗಿತ್ತು ಅವಳಿಗೆ. ಓಡುತ್ತಾ ಗೇಟಿನ ಹತ್ತಿರ ಕೈ ತಾನಾಗಿ ಕಂಬದ ಮೇಲೆ ಹೋಯಿತು. ಬೇರೆ ಲೋಟ ತೆಗೆದುಕೊಳ್ಳಬಹುದು ಎಂದು ಆ ಕೈಗೆ ಗೊತ್ತಿರಲಿಲ್ಲ. ಗಿಡದ ನಲ್ಲಿಯಲ್ಲಿ ನೀರು ಹಿಡಿದು ವಾಪಸು ಓಡಿಬಂದು ಸ್ಟೇಜಿನ ಮೇಲೆ ಚಾಚಿದಳು.

ಅಂಚು ನೆಗ್ಗಿದ ಲೋಟ. ತಳದಲ್ಲಿ ಕೆಂಪು ಬೊಟ್ಟು.

ಸರಸ್ವತಿ ಅದನ್ನು ನೋಡಿದಳು. ಕೆಮ್ಮು ನಿಂತಿರಲಿಲ್ಲ. ಸ್ಟೇಜಿನ ಕೆಳಗೆ ಶೀತಲ್ ಪಕ್ಕದವಳ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಮೀರಾ ಲೋಟವನ್ನು ನೋಡುತ್ತಿದ್ದಳು. ಅವಳು ಅದನ್ನು ಎಂದೂ ನೋಡಿರಲಿಲ್ಲ. ಆದರೂ ಗುರುತು ಹಿಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಕಾಯುವುದು ಇತ್ತು, ಅಷ್ಟೇ. ಈಗ ಅಮ್ಮ ಕೈ ಚಾಚುತ್ತಾಳೆ, ತನ್ನ ಶಾಲೆ ಇವತ್ತಿಗೆ ಮುಗಿಯಿತು ಎಂದು ಕಾಯುವುದು. ಹಿಂದಿನಿಂದ ಜಯಪ್ಪ ಮೆಲ್ಲಗೆ ಗೊಣಗಿದ. "ಕುಡ್ದುಬಿಡು ಮಾರಾಯ್ತಿ. ಒಂದು ಗುಟುಕು. ದೊಡ್ಡೋರು ಕೂತಿದಾರೆ."

ಮೈಕು ಇನ್ನೂ ಬಾಯಿಯ ಹತ್ತಿರವೇ ಇತ್ತು.

"ಈ ಲೋಟ ನಂಗೆ ಗೊತ್ತು ಅಮ್ಮ," ಎಂದಳು ಸರಸ್ವತಿ. "ಇದು ಗೇಟಿಂದು. ಇದ್ರಲ್ಲಿ ನಾನು ಕುಡಿಯಲ್ಲ."

ಸೌಂದರ್ಯಮ್ಮ ಕೈಯಲ್ಲಿದ್ದ ಲೋಟವನ್ನು ಆಗ ನೋಡಿಕೊಂಡಳು. ತಾನೇ ಅದನ್ನು ಮುಟ್ಟಿದ್ದೇನೆ ಎಂದು ಆಗ ಅವಳಿಗೆ ಅರಿವಾಯಿತು. ಲೋಟ ಕೈಬಿಟ್ಟು ಸ್ಟೇಜಿನ ಹಲಗೆಯ ಮೇಲೆ ಠಣ್ ಎಂದು ಬಿದ್ದು ಉರುಳಿತು.

ಬೆಳ್ಳಿ ಚೊಂಬು ಸರಸ್ವತಿಯ ಕಾಲ ಹತ್ತಿರವೇ ಇತ್ತು. ಅರ್ಧ ನೀರಿತ್ತು. ಅವಳು ಬಗ್ಗಿ ಅದನ್ನು ಎತ್ತಿಕೊಂಡಳು. ಬೆಳಿಗ್ಗೆ ಹೇಲು ಬಳಿದ ಅದೇ ಎರಡು ಕೈಯಲ್ಲಿ ಎತ್ತಿಕೊಂಡಳು. ಕಂಡವರ ಮನೆಯಲ್ಲಿ ನೀರು ಕುಡಿದರೆ ಎತ್ತಿ ಕುಡಿಯಬೇಕು, ಕಚ್ಚಿ ಕುಡಿಯಬಾರದು ಎಂದು ಕಲ್ಲಮ್ಮ ಚಿಕ್ಕಂದಿನಲ್ಲೇ ಕಲಿಸಿದ್ದಳು. ಸರಸ್ವತಿ ಚೊಂಬಿನ ಅಂಚನ್ನು ತುಟಿಗೆ ಒತ್ತಿ, ಕಚ್ಚಿ, ಗಟಗಟ ಕುಡಿದಳು. ಸೇವಂತಿಗೆಯ ಎಸಳೊಂದು ಹಲ್ಲಿಗೆ ಸಿಕ್ಕಿತು. ಅದನ್ನು ಉಗುಳಿ ಮತ್ತೆ ಕುಡಿದಳು. ಪೂರ್ತಿ ಕುಡಿದಳು. ನೀರು ಗಲ್ಲದಿಂದ ಇಳಿದು ಹೊಸ ಶಾಲು ನೆನೆಯಿತು. ತಣ್ಣಗಿತ್ತು. ಬೆಳ್ಳಿಯಲ್ಲಿ ನೀರು ಇಷ್ಟು ತಣ್ಣಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಸೌಂದರ್ಯಮ್ಮನ ಮುಖ ಹಿಂಡಿದಂತಾಯಿತು. ತಮ್ಮ ಮನೆಯ ದೇವರಿಗೆ ದಿನಾ ನೀರೆರೆಯುವ ಚೊಂಬು ಅದು. ಒಂದು ಗಳಿಗೆ ಎಲ್ಲರೂ ಆ ಚೊಂಬಿನ ಅಂಚನ್ನೇ ನೋಡಿದರು, ಎಂಜಲು ಅಲ್ಲಿ ಹೊಳೆಯುತ್ತಿದೆಯೇನೋ ಎಂಬಂತೆ. ಆದರೆ ಪ್ರಸನ್ನಕುಮಾರ್ ಸಂಘ ನಡೆಸುವವರು, ಸಭೆ ಗೊತ್ತಿದ್ದವರು. ಮೈಕು ಕಿತ್ತುಕೊಂಡು ನಕ್ಕರು. ಈ ಸಂದರ್ಭದಲ್ಲಿ ಈ ಬೆಳ್ಳಿಯ ಚೊಂಬನ್ನು ತಮ್ಮ ಕುಟುಂಬದ ಪರವಾಗಿ ಪೌರ ಬಂಧು ಸರಸ್ವತಿಯವರಿಗೆ ಕಾಣಿಕೆಯಾಗಿ ಅರ್ಪಿಸುತ್ತಿದ್ದೇವೆ ಎಂದು ಘೋಷಿಸಿದರು. ಜನ ಚಪ್ಪಾಳೆ ತಟ್ಟಿದರು. ಎಷ್ಟು ದೊಡ್ಡ ಮನಸ್ಸು ಎಂದು ಯಾರೋ ಗಟ್ಟಿಯಾಗಿಯೇ ಹೇಳಿದರು. ಫೋಟೋದವನು ಮತ್ತೆ ಮುಂದೆ ಬಂದ.

ಅಲ್ಲಿಯವರೆಗೆ ಸರಸ್ವತಿಗೆ ಇದ್ದದ್ದು ಬಾಯಾರಿಕೆ, ಅದರ ಜೊತೆಗೊಂದಿಷ್ಟು ಸಿಟ್ಟು. ಆ ಚಪ್ಪಾಳೆ ಕೇಳಿದ ಮೇಲೆ ಅವಳಿಗೆ ಎಲ್ಲ ಅರ್ಥವಾಯಿತು. ಎಂಜಲಾಗಿದ್ದನ್ನು ಮನೆಯೊಳಗೆ ತೆಗೆದುಕೊಳ್ಳಲಾರದೆ ದಾನ ಮಾಡುತ್ತಿದ್ದಾರೆ. ಹೆಗ್ಗಣವನ್ನು ಗೇಟಿನ ಆಚೆ ತಳ್ಳುವುದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಕಾಣಲಿಲ್ಲ. ಬೆಳ್ಳಿಯೆಂಬುದಷ್ಟೇ ವ್ಯತ್ಯಾಸ.

"ಬೇಡ ಸಾರ್," ಎಂದಳು. ಈಗ ಮೈಕು ಇರಲಿಲ್ಲ, ಆದರೂ ಹಿಂದಿನ ಸಾಲಿಗೆ ಕೇಳಿಸಿತು. "ನಾನು ಬಾಯಿ ಹಾಕಿದೀನಿ ಅಂತ ಕೊಡ್ತಿದೀರಿ. ಬಾಯಿ ಹಾಕ್ದೇ ಇದ್ದಿದ್ರೆ ಕೊಡ್ತಿದ್ರಾ?"

ಚೊಂಬನ್ನು ಮೇಜಿನ ಮೇಲೆ, ಗಣ್ಯರ ಮುಂದೆ, ಹಾರಗಳ ನಡುವೆ ಇಟ್ಟಳು. ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿದಳು. ಹಣ್ಣಿನ ಬುಟ್ಟಿಯನ್ನೂ ಮುಟ್ಟಲಿಲ್ಲ. ಸ್ಟೇಜಿನಿಂದ ಇಳಿಯುವಾಗ ಕಾಲಿಗೆ ಲೋಟ ಸಿಕ್ಕಿತು. ಬದಿಗೆ ಒದ್ದು ನಡೆದಳು. ನಿನ್ನ ಕೆಲಸ ಇರುತ್ತೋ ಇಲ್ವೋ ನೋಡು ಎಂದು ಜಯಪ್ಪ ಹಿಂದಿನಿಂದ ಅಂದ. ಅವಳು ತಿರುಗಲಿಲ್ಲ. ಹುಡುಗಿಯರ ಸಾಲಿನ ತುದಿಯಿಂದ ಮೀರಾ ಹೊರಗೆ ಬಂದಳು. ಎಲ್ಲರೂ ನೋಡುತ್ತಿದ್ದರು, ಶೀತಲ್ ಕೂಡ. ಮೀರಾ ಶಾಮಿಯಾನದ ಹಿಂದೆ ಹೋಗಿ, ತಾಯಿ ಬಿಚ್ಚಿಟ್ಟಿದ್ದ ಕಿತ್ತಳೆ ಬಣ್ಣದ ಕೆಲಸದ ಕೋಟನ್ನು ಎತ್ತಿ ತನ್ನ ಯೂನಿಫಾರಂ ಮೇಲೆ ಹೆಗಲಿಗೆ ಹಾಕಿಕೊಂಡಳು. ಇಬ್ಬರೂ ದುರ್ಗಿಗುಡಿಯ ಬೀದಿಯಲ್ಲಿ ನಡೆದು ಹೋದರು.

ಸೋಮವಾರ ಸರಸ್ವತಿ ಕೆಲಸಕ್ಕೆ ಹೊರಟಾಗ ಮೀರಾ ಎದ್ದು ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದಳು. ಇಂಗ್ಲಿಷ್ ಪಿರಿಯಡ್ ಇದೆ ಇವತ್ತು, ನಾನೂ ಒಂದು ವಾಕ್ಯ ಮಾಡಿದೀನಿ, ಸಾರ್‌ಗೆ ಬೋರ್ಡಿನ ಮೇಲೆ ಬರೀಲಿಕ್ಕೆ ಹೇಳ್ತೀನಿ ಎಂದಳು. ಏನು ವಾಕ್ಯ ಎಂದು ಸರಸ್ವತಿ ಕೇಳಲಿಲ್ಲ. ಕೇಳಿದರೆ ಅಳು ಬರುತ್ತದೆ ಎಂದು ಗೊತ್ತಿತ್ತು.

ಪ್ರಸನ್ನಕುಮಾರರ ಮನೆಯ ಮುಂದೆ ಬಂದಾಗ ಗೇಟಿನ ಕಂಬದ ಮೇಲೆ ಲೋಟ ಇರಲಿಲ್ಲ. ಲೋಟದ ಜಾಗದಲ್ಲಿ ಬೆಳ್ಳಿ ಚೊಂಬು ಕೂತಿತ್ತು. ಬೆಳಗಿನ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಅವಳ ಪೊರಕೆಯ ಸದ್ದು ಕೇಳಿ ಆಗಷ್ಟೇ ಯಾರೋ ತಂದಿಟ್ಟಿದ್ದರು. ಹಯಾತ್ ಟಿಪ್ಪರಿನಿಂದ ಕತ್ತು ಹೊರಗೆ ಹಾಕಿ, ಅರೆ, ಚಾಂದಿ ಎಂದ. ಸರಸ್ವತಿ ಕಂಬದ ಸುತ್ತ ಗುಡಿಸಿದಳು. ಚೊಂಬಿನ ಕಡೆ ನೋಡಲಿಲ್ಲ.

ಬಾಗಿಲಲ್ಲಿ ಸೌಂದರ್ಯಮ್ಮ ನಿಂತಿದ್ದಳು. ರಾತ್ರಿ ನಿದ್ದೆ ಮಾಡಿದಂತಿರಲಿಲ್ಲ. "ಸರಸ್ವತಿ," ಎಂದಳು. ಅವಳ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು. "ಅದು ನಿಂದೇ ಅಲ್ವಾ. ತಗೊಂಡ್ಹೋಗು."

"ನಂದಲ್ಲ ಅಮ್ಮ. ನಿಮ್ಮ ತವರಿಂದು. ಒಳಗೆ ತಗೊಂಡ್ಹೋಗಿ ಇಟ್ಕೊಳ್ಳಿ."

ಸೌಂದರ್ಯಮ್ಮ ಬೇಡಿಕೊಳ್ಳುವಂತೆ ನೋಡಿದಳು. ಅಕ್ಕಪಕ್ಕದ ಗೇಟುಗಳಲ್ಲಿ ಬಕೆಟ್ಟು ಹಿಡಿದು ಹೆಂಗಸರು ನಿಂತಿದ್ದರು. ಎಲ್ಲರ ಕಣ್ಣೂ ಇತ್ತಲೇ. ಬೆಳ್ಳಿ ಬೀದಿಯಲ್ಲಿ ಕೂರುವ ಹಾಗಿಲ್ಲ, ದೇವರ ಮನೆಗೆ ಹೋಗುವ ಹಾಗಿಲ್ಲ. ಸೌಂದರ್ಯಮ್ಮ ಒಳಗೆ ಹೋದಳು. ಒಳಗೆ ಪ್ರಸನ್ನಕುಮಾರರ ದನಿ ಜೋರಾಯಿತು. ಅದು ಈ ಹೊಸಿಲು ದಾಟಬಾರದು ಎಂದದ್ದು ಬೀದಿಗೆಲ್ಲ ಕೇಳಿಸಿತು.

ಅವಳು ಮತ್ತೆ ಹೊರಗೆ ಬಂದಳು. ಬಲಗೈಗೆ ಒಂದು ಪ್ಲಾಸ್ಟಿಕ್ ಕವರು ತೊಟ್ಟಿದ್ದಳು. ಹಾಲಿನ ಅಂಗಡಿಯ ಬಿಳಿ ಕವರು, ಮಣಿಕಟ್ಟಿನವರೆಗೂ ಎಳೆದುಕೊಂಡಿದ್ದಳು. ಮುಖ ಪಕ್ಕಕ್ಕೆ ತಿರುಗಿಸಿ, ಕವರಿನೊಳಗಿಂದಲೇ ಚೊಂಬಿನ ಕುತ್ತಿಗೆ ಹಿಡಿದು ಎತ್ತಿದಳು. ಮೈಯಿಂದ ದೂರ ಹಿಡಿದುಕೊಂಡಳು. ಎತ್ತಿದ ಮೇಲೆ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮನೆಯ ಕಡೆ ನೋಡಿದಳು. ಬೀದಿಯ ಕಡೆ ನೋಡಿದಳು. ಗೇಟಿನ ಗೆರೆಯ ಮೇಲೆ ಹಾಗೇ ನಿಂತಳು.

ಹೆಗ್ಗಣ ಎತ್ತುವುದು ಹೇಗೆಂದು ಸರಸ್ವತಿ ಈವರೆಗೆ ದೂರದಿಂದ ನೋಡಿರಲಿಲ್ಲ. ಈಗ ನೋಡಿದಳು.

ಹಯಾತ್ ಟಿಪ್ಪರಿನ ಮೈಕಿನಲ್ಲಿ ಬರುತ್ತಿದ್ದ ಕಸದ ಹಾಡು ನಿಲ್ಲಿಸಿದ. ಸರಸ್ವತಿ ಪೊರಕೆಯನ್ನು ಕಂಬಕ್ಕೆ ಒರಗಿಸಿ, ಒಂದು ಕೈಗೆ ಹಸಿರು ಬಕೆಟ್ಟು, ಇನ್ನೊಂದು ಕೈಗೆ ನೀಲಿ ಬಕೆಟ್ಟು ತೆಗೆದುಕೊಂಡಳು. ಪ್ರತಿದಿನ ಪ್ರತಿ ಗೇಟಿನಲ್ಲಿ ಕೇಳುವ ದನಿಯಲ್ಲೇ ಕೇಳಿದಳು.

"ಹಸಿನಾ, ಒಣನಾ ಅಮ್ಮ?"

ಎರಡೂ ಬಕೆಟ್ಟು ಮುಂದೆ ಚಾಚಿ, ಉತ್ತರಕ್ಕೆ ಕಾಯುತ್ತ ನಿಂತಳು.